ಮೂರನೆಯ ತಂತಿ ಯಾರ ಹೊಣೆ? ವಿದ್ಯುತ್ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಐದೂ ವಿದ್ಯುತ್ ಸರಬರಾಜು ಕಂಪನಿಗಳ ವ್ಯವಸ್ಥಾಪಕ ನಿರ್ದೇಶಕರಿಗೆ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಅಧ್ಯಕ್ಷರಿಗೆ ಮತ್ತು ವಿದ್ಯುತ್ ಪರಿವೀಕ್ಷಣಾಲಯದ ಮುಖ್ಯಸ್ಥರಿಗೆ.

ಮಾನ್ಯರೇ,

1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ 33ನೆಯದು ಚಿಕ್ಕದೊಂದು ನಿಯಮ. ವಿದ್ಯುತ್ ಪೂರೈಸುವವರು ಗ್ರಾಹಕನ ಆವರಣದಲ್ಲಿ, ಸಂಪರ್ಕ ಒಳಬರುವ ಜಾಗದ ಹತ್ತಿರವೇ, ಕೈಗೆ ಸಿಗುವಂತೆ, ಅವನ ಬಳಕೆಗೆಂದು ಒಂದು ಅರ್ಥಿಂಗ್ ಟರ್ಮಿನಲ್, ಅಂದರೆ ಉಪಕರಣಗಳ ಮೈಯನ್ನು ಭೂಮಿಗೆ ಸೇರಿಸುವ ಮೂರನೆಯ ತಂತಿಯನ್ನು ಜೋಡಿಸುವ ತುದಿಯನ್ನು, ಒದಗಿಸಬೇಕು, ಅದನ್ನು ಸುಸ್ಥಿತಿಯಲ್ಲಿಯೂ ಇಡಬೇಕು ಎಂಬುದು ಅದರ ತಾತ್ಪರ್ಯ. ಹಳೆಯ ನಿಯಮಗಳ ಜಾಗದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ವಿನಿಯಮಗಳನ್ನು ತಂದಾಗ ಇದೇ ಮಾತು 16ನೆಯ ವಿನಿಯಮವಾಗಿ ಮುಂದುವರಿಯಿತು. 2023ರಲ್ಲಿ ಅವೂ ಬದಲಾದವು, ಈ ಕರ್ತವ್ಯ ಬದಲಾಗಲಿಲ್ಲ. ಟರ್ಮಿನಲ್ ಹಾಕಿಸಿದ ಖರ್ಚನ್ನು ಗ್ರಾಹಕನಿಂದ ವಸೂಲಿ ಮಾಡಿಕೊಳ್ಳುವ ಅವಕಾಶವನ್ನೂ ಕಾನೂನು ನಿಮಗೆ ಕೊಟ್ಟಿದೆ. ಹಾಗಾಗಿ ಹಣವಿಲ್ಲ ಎಂಬ ನೆಪಕ್ಕೆ ಆಸ್ಪದವಿಲ್ಲ.

ಆ ಟರ್ಮಿನಲ್ ಎಲ್ಲಿದೆ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ವೈರಿಂಗ್ ಮೇಲ್ವಿಚಾರಕನ ಪರವಾನಗಿ ಇಟ್ಟುಕೊಂಡು ಮಲೆನಾಡಿನ ಸೆರಗಿನಲ್ಲಿಯೂ ಬಯಲುಸೀಮೆಯಲ್ಲಿಯೂ ಮನೆ ವೈರಿಂಗ್ ಮಾಡಿಸಿದವನು. ಕಂಬದಿಂದ ಮನೆಗೆ ಎಳೆಯುವುದು ಎರಡು ತಂತಿ, ಕರೆಂಟು ತರುವ ಫೇಸ್ ಮತ್ತು ಅದನ್ನು ಮರಳಿ ಒಯ್ಯುವ ನ್ಯೂಟ್ರಲ್. ಮೂರು ಫೇಸಿನ ಸಂಪರ್ಕವಾದರೆ ನಾಲ್ಕು. ನಿಮ್ಮ ಕಡೆಯಿಂದ ಬಂದ ಅರ್ಥಿಂಗ್ ಟರ್ಮಿನಲ್ ಎಂಬ ವಸ್ತುವನ್ನು ನಾನು ಕೆಲಸ ಮಾಡಿಸಿದ ಮನೆಗಳ ಮೀಟರ್ ಬೋರ್ಡಿನಲ್ಲಿ ಕಂಡಿಲ್ಲ. ಒಮ್ಮೆ ಒಬ್ಬರ ಪರವಾಗಿ ಬರವಣಿಗೆಯಲ್ಲಿಯೇ ಕೇಳಿದೆ. ಮೇಜಿನ ಆಚೆ ಕುಳಿತಿದ್ದವರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ಓದಿ, "ಅರ್ಥಿಂಗ್ ಪಾರ್ಟಿಯವರದೇ ಅಲ್ಲವೇ? ಲೈಸೆನ್ಸ್ ಇಟ್ಟುಕೊಂಡ ನಿಮಗೆ ಇಷ್ಟೂ ಗೊತ್ತಿಲ್ಲವೇ?" ಎಂದು ನನ್ನನ್ನೇ ಕೇಳಿದರು. ಅವರನ್ನು ದೂರುವುದಿಲ್ಲ. ಅಂಥದ್ದೊಂದು ನಿಯಮವಿದೆ ಎಂಬುದೇ ಮರೆತುಹೋಗುವಷ್ಟು ಕಾಲ ಅದನ್ನು ಪಾಲಿಸದೆ ಬಿಟ್ಟಾಗಿದೆ. ಕಂಪನಿ ಅದನ್ನು ಮನೆಯವರ ಮೇಲೆ ಹಾಕಿತು, ಮನೆಯವರು ಗುತ್ತಿಗೆದಾರನ ಮೇಲೆ ಹಾಕಿದರು, ಗುತ್ತಿಗೆದಾರ ಹುಡುಗರ ಮೇಲೆ ಹಾಕಿದ, ಹುಡುಗರು ಅರ್ಥಿಂಗ್ ಗುಂಡಿಯ ಮೇಲೆ ಮಣ್ಣು ಹಾಕಿದರು.

ಜನ ಇದರೊಂದಿಗೆ ಬಾಳುವುದನ್ನು ಕಲಿತುಕೊಂಡಿದ್ದಾರೆ. ಗ್ರೈಂಡರ್ ಮುಟ್ಟುವಾಗ ಕಾಲಿಗೆ ಚಪ್ಪಲಿ ಹಾಕಿಕೋ, ಇಲ್ಲದಿದ್ದರೆ ಮಣೆಯ ಮೇಲೆ ನಿಂತುಕೋ ಎಂದು ಅತ್ತೆ ಸೊಸೆಗೆ ಹೇಳಿಕೊಡುವ ಮನೆಗಳು ಎಷ್ಟೋ ಇವೆ. ವಾಷಿಂಗ್ ಮೆಷಿನ್ನಿನ ಮೈ ಒದ್ದೆ ಕೈಗೆ ಜುಮ್ಮೆಂದರೆ "ಅದು ಮೊದಲಿನಿಂದಲೂ ಹಾಗೆಯೇ" ಎನ್ನುತ್ತಾರೆ. ಹಾಗಾಗಲು ಕಾರಣವಿದೆ. ವಾಷಿಂಗ್ ಮೆಷಿನ್, ಕಂಪ್ಯೂಟರ್ ಇಂಥವುಗಳ ಒಳಗೆ ಲೈನಿನ ಗದ್ದಲ ಸೋಸುವ ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಉಪಕರಣದ ಲೋಹದ ಮೈಗೆ ಸೇರಿರುತ್ತದೆ. ಮೂರನೆಯ ಪಿನ್ ಭೂಮಿಗೆ ಸೇರಿದ್ದರೆ ಆ ಅಲ್ಪ ಕರೆಂಟು ಸದ್ದಿಲ್ಲದೆ ಇಳಿದುಹೋಗುತ್ತದೆ. ಸೇರಿಲ್ಲದಿದ್ದರೆ ಆ ಮೈ 230 ವೋಲ್ಟಿನ ಸುಮಾರು ಅರ್ಧದಲ್ಲಿ ತೇಲುತ್ತಿರುತ್ತದೆ. ಕರೆಂಟಿನ ಪ್ರಮಾಣ ತೀರ ಕಡಿಮೆಯಾದ್ದರಿಂದ ಜುಮ್ಮೆನ್ನುವುದಷ್ಟೇ. ಆದರೆ ಆ ಮನೆಗೆ ಅರ್ಥಿಂಗ್ ಇಲ್ಲ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ನಾಳೆ ಅದೇ ಯಂತ್ರದೊಳಗೆ ಒಂದು ವೈರಿನ ಇನ್ಸುಲೇಷನ್ ಸವೆದು ಮೈಗೆ ತಗುಲಿದರೆ ಪೂರ್ತಿ 230 ವೋಲ್ಟ್ ಬಂದು ಕೂರುತ್ತದೆ. ಒದ್ದೆ ಮೈಯ ರೋಧವನ್ನು, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆಯನ್ನು, ಸುಮಾರು 1,000 ಓಮ್ ಎಂದು ಹಿಡಿದರೆ ಹರಿಯುವ ಕರೆಂಟು 230 ಮಿಲಿಆಂಪಿಯರ್. ಹಿಡಿದ ಕೈಯನ್ನು ಬಿಡಿಸಿಕೊಳ್ಳಲು ಆಗದಂತೆ ಮಾಡುವುದಕ್ಕೆ ಅದರ ಹತ್ತನೆಯ ಒಂದು ಭಾಗ ಸಾಕು.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ ಉಳಿದೆರಡಕ್ಕಿಂತ ಉದ್ದ, ದಪ್ಪ. ಚುಚ್ಚುವಾಗ ಮೊದಲು ಭೂಮಿ ಸೇರಬೇಕು, ಕೀಳುವಾಗ ಕೊನೆಗೆ ಬಿಡಬೇಕು ಎಂದು ಯಾರೋ ಅಷ್ಟು ಮುತುವರ್ಜಿಯಿಂದ ಯೋಚಿಸಿ ಮಾಡಿದ ಏರ್ಪಾಡು ಅದು. ಅದರ ಹಿಂದಿನ ಹಸಿರು ವೈರು ಗೋಡೆಯೊಳಗೆ ಎಲ್ಲಿಗೂ ಹೋಗದೆ ಮುರುಟಿಕೊಂಡು ಕುಳಿತಿರುವುದನ್ನು ಕಂಡಾಗ ಸಿಟ್ಟು ಬರುತ್ತದೆ.

ಈಗ ಗುಂಡಿಯ ವಿಷಯಕ್ಕೆ ಬರುತ್ತೇನೆ. ಮನೆಯ ಪಕ್ಕ ಗುಂಡಿ ತೋಡಿ, ಜಿಐ ಪೈಪು ಇಳಿಸಿ, ಇದ್ದಿಲು ಮತ್ತು ಉಪ್ಪು ತುಂಬಿ ನೀರು ಸುರಿದರೆ ಅರ್ಥಿಂಗ್ ಆಯಿತು ಎಂಬುದು ಲೋಕದ ನಂಬಿಕೆ. ನಿಮ್ಮ ಕಚೇರಿಗಳ ನಂಬಿಕೆಯೂ ಹೌದು. ಲೆಕ್ಕ ಹಾಕಿ ನೋಡೋಣ. ಗುಂಡಿಯ ರೋಧ 15 ಓಮ್ ಇರಲಿ, ಅದು ಕೆಟ್ಟ ಗುಂಡಿಯೇನೂ ಅಲ್ಲ. ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ನ್ಯೂಟ್ರಲ್ ಸೇರುವ ಗುಂಡಿ 5 ಓಮ್ ಇರಲಿ. ಗೀಸರಿನ ಕಾಯಿಲ್ ಒಡೆದು ಫೇಸ್ ಅದರ ಮೈಗೆ ತಗುಲಿತು. ಕರೆಂಟು ಹಸಿರು ವೈರಿನ ಮೂಲಕ ಗುಂಡಿಗಿಳಿದು, ನೆಲದ ಮೂಲಕ ಟ್ರಾನ್ಸ್‌ಫಾರ್ಮರಿಗೆ ಮರಳಬೇಕು. ದಾರಿಯ ಒಟ್ಟು ರೋಧ 20 ಓಮ್. 230ನ್ನು 20ರಿಂದ ಭಾಗಿಸಿದರೆ ಹನ್ನೊಂದೂವರೆ ಆಂಪಿಯರ್. ಗೀಸರಿನ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್, 16 ಆಂಪಿಯರಿನದು. ಅದರ ಕಣ್ಣಿಗೆ ಇದು ದಿನನಿತ್ಯದ ಲೋಡು, ಅದು ಬೀಳುವುದಿಲ್ಲ. ಅಷ್ಟು ಹೊತ್ತೂ ಗೀಸರಿನ ಮೈ ಮತ್ತು ಅದಕ್ಕೆ ಜೋಡಿಸಿದ ಲೋಹದ ನಲ್ಲಿ 172 ವೋಲ್ಟಿನಲ್ಲಿ ನಿಂತಿರುತ್ತವೆ. ಅಂದರೆ ಗುಂಡಿ ಇದೆ, ವೈರು ಇದೆ, ಎಂಸಿಬಿ ಇದೆ, ಕೆಳಗೆ ನಿಂತು ಮೀಯುವವರಿಗೆ ರಕ್ಷಣೆ ಮಾತ್ರ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಕೊಳವೆಬಾವಿಯ ಗಡುಸು ನೀರಿಗೆ ಗೀಸರಿನ ಕಾಯಿಲ್‌ಗೆ ಸುಣ್ಣದ ಹೊರಪದರ ಕಟ್ಟಿ ಅದು ಬೇಗ ಒಡೆಯುತ್ತದೆ ಎಂಬುದು ಅಲ್ಲಿನ ರಿಪೇರಿಯವರಿಗೆಲ್ಲ ಗೊತ್ತು.

ಇದೇ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಹನ್ನೊಂದೂವರೆ ಆಂಪಿಯರ್ ಎಂದರೆ 2.6 ಕಿಲೋವ್ಯಾಟ್. ಯಾರೂ ಗಮನಿಸದೆ ಬಿಟ್ಟರೆ ದಿನಕ್ಕೆ ಅರವತ್ತಕ್ಕೂ ಹೆಚ್ಚು ಯೂನಿಟ್ ಮಣ್ಣಿಗೆ ಹೋಗುತ್ತದೆ. ಗೃಹಜ್ಯೋತಿಯ 200 ಯೂನಿಟ್ ಮಿತಿ ನಾಲ್ಕನೆಯ ದಿನವೇ ದಾಟುತ್ತದೆ. ಬಿಲ್ಲು ನೋಡಿ ಬೆಚ್ಚಿ ಕಚೇರಿಗೆ ಬಂದು ಮೀಟರ್ ಸರಿಯಿಲ್ಲ ಎಂದು ಜಗಳವಾಡಿದವರಲ್ಲಿ ಎಷ್ಟು ಮಂದಿಯ ಮನೆಯಲ್ಲಿ ನಿಜಕ್ಕೂ ಕೆಟ್ಟಿದ್ದು ಗೀಸರೋ ಮೋಟಾರೋ ಆಗಿತ್ತು ಎಂಬುದನ್ನು ನಿಮ್ಮಲ್ಲಿ ಯಾರಾದರೂ ಹುಡುಕಿದ್ದೀರಾ?

ಆ ಗುಂಡಿಯ ಬದಲು ನಿಮ್ಮ ಟರ್ಮಿನಲ್ ಇದ್ದಿದ್ದರೆ? ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ವರೆಗೆ ಲೋಹದ ದಾರಿ ಇದ್ದರೆ ರೋಧ ಒಂದು ಓಮ್ ಆಸುಪಾಸಿಗೆ ಇಳಿಯುತ್ತದೆ. ಕರೆಂಟು ಇನ್ನೂರು ಆಂಪಿಯರ್ ಮುಟ್ಟುತ್ತದೆ. ಎಂಸಿಬಿ ಆ ಕ್ಷಣದಲ್ಲಿಯೇ ಬೀಳುತ್ತದೆ. ಮನೆಯವರಿಗೆ ಗೊತ್ತಾಗುವುದು "ಗೀಸರ್ ಹಾಕಿದರೆ ಸ್ವಿಚ್ ಬೀಳುತ್ತದೆ" ಎಂಬುದಷ್ಟೇ. ಭೂಮಿಗೆ ಸೇರಿಸಬೇಕು ಎಂಬ ಮಾತಿನ ಹಿಂದಿರುವ ನಿಜವಾದ ಕೆಲಸ ಇದು. ಕರೆಂಟನ್ನು ನೆಲದಲ್ಲಿ ಹೂಳುವುದಲ್ಲ, ಅದು ಹೊರಟಲ್ಲಿಗೆ ಬೇಗ ಮರಳಿ ಎಂಸಿಬಿಯನ್ನು ಬೀಳಿಸುವಂತೆ ಮಾಡುವುದು. ಆ ದಾರಿಯ ಮುಕ್ಕಾಲು ಪಾಲು ನಿಮ್ಮ ಕಂಬ, ನಿಮ್ಮ ತಂತಿ, ನಿಮ್ಮ ಟ್ರಾನ್ಸ್‌ಫಾರ್ಮರ್. ಮನೆಯ ಯಜಮಾನ ತನ್ನ ಅಂಗಳದಲ್ಲಿ ಎಷ್ಟು ಆಳ ತೋಡಿದರೂ ಆ ಪಾಲು ಅವನ ಕೈಯಲ್ಲಿಲ್ಲ.

ನೆಲವೂ ಎಲ್ಲ ಕಡೆ ಒಂದೇ ಅಲ್ಲ. ಎರೆಮಣ್ಣಿನ ಸೀಮೆಯಲ್ಲಿ ಎರಡೂವರೆ ಮೀಟರಿನ ಒಂದು ಪೈಪು ಹತ್ತು ಓಮ್ ಕೊಡಬಹುದು, ಆದರೆ ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಪೈಪಿನಿಂದ ಅಂಗೈ ಅಗಲ ದೂರ ಸರಿಯುತ್ತದೆ. ಸಾಧಾರಣ ಮಣ್ಣಿನಲ್ಲಿ ಅದೇ ಪೈಪು ಮೂವತ್ತು ಓಮ್. ಚಿತ್ರದುರ್ಗದಂಥ ಕಲ್ಲುನೆಲದಲ್ಲಿ, ಕರಾವಳಿಯ ಒಣಗಿದ ಮುರಕಲ್ಲಿನಲ್ಲಿ ಮುನ್ನೂರು ದಾಟಿದರೂ ಆಶ್ಚರ್ಯವಿಲ್ಲ. ಪೈಪಿನ ದಪ್ಪ ಹೆಚ್ಚಿಸಿ ಪ್ರಯೋಜನವಿಲ್ಲ, ಆಳ ಹೆಚ್ಚಿಸಬೇಕು. ಉಪ್ಪು ಹಾಕಿದರೆ ಕೆಲವು ಮಳೆಗಾಲ ರೋಧ ಇಳಿಯುತ್ತದೆ, ಜೊತೆಗೆ ಪೈಪನ್ನೂ ತಿಂದುಹಾಕುತ್ತದೆ. ಇದ್ದಿಲು ಉಪ್ಪಿನ ಬದಲು ಬೆಂಟೊನೈಟ್ ಜೇಡಿ ಬಳಸುವುದು ಎಷ್ಟೋ ಮೇಲು. ನಗರಗಳಲ್ಲಿ 'ಕೆಮಿಕಲ್ ಅರ್ಥಿಂಗ್' ಎಂಬ ಹೆಸರಿನಲ್ಲಿ ದುಬಾರಿ ಕೊಳವೆಗಳನ್ನು ಮಾರುತ್ತಾರೆ. ಒಳ್ಳೆಯವೂ ಇವೆ, ಬಣ್ಣ ಬಳಿದ ಪೈಪುಗಳೂ ಇವೆ. ಅಳೆದು ನೋಡದ ಗ್ರಾಹಕನಿಗೆ ಎರಡೂ ಒಂದೇ.

ಅಳೆಯುವ ಮಾತು ಬಂದಿದ್ದರಿಂದ ಹೇಳುತ್ತೇನೆ. ಮನೆ ವೈರಿಂಗ್ ಮುಗಿದ ಮೇಲೆ ಅರ್ಥಿಂಗ್ ಪರೀಕ್ಷೆ ಎಂದು ನಡೆಯುವುದು ಹೀಗೆ: ಫೇಸಿಗೂ ಅರ್ಥಿಂಗಿಗೂ ನಡುವೆ ಒಂದು ಬಲ್ಬು ಹಚ್ಚಿ ನೋಡುವುದು. ಉರಿಯಿತು, ಸರಿ. ಆದರೆ 100 ವ್ಯಾಟಿನ ಬಲ್ಬಿನ ರೋಧವೇ 529 ಓಮ್. ಗುಂಡಿ 50 ಓಮ್ ಇದ್ದರೂ ಬಲ್ಬಿಗೆ 210 ವೋಲ್ಟ್ ಸಿಗುತ್ತದೆ, ಅದು ಪ್ರಕಾಶಮಾನವಾಗಿಯೇ ಉರಿಯುತ್ತದೆ. ಈಗ ಹೋಲ್ಡರಿನಲ್ಲಿ ಇರುವುದು 9 ವ್ಯಾಟಿನ ಎಲ್‌ಇಡಿ. ಅದು ಗುಂಡಿಯ ಹೆಸರಿಗೊಂದು ಮೊಳೆ ಬಡಿದಿದ್ದರೂ ಬೆಳಗುತ್ತದೆ. ಗುಂಡಿಯ ರೋಧ ಅಳೆಯುವ ಅರ್ಥ್ ಮೆಗ್ಗರ್ ಇಟ್ಟು, ಎರಡು ಸಹಾಯಕ ಕಡ್ಡಿ ನೆಟ್ಟು, ತಂತಿ ಎಳೆದು ಓದಿದ ಅಂಕಿಯೇ ಅಳತೆ. ಕಡ್ಡಿ ನೆಡಲು ಜಾಗವಿಲ್ಲದ ಇಕ್ಕಟ್ಟಿನ ಬೀದಿಯಾದರೆ ಪ್ಲಗ್ಗಿಗೇ ಚುಚ್ಚಿ ಒಟ್ಟು ದಾರಿಯ ರೋಧ ತೋರಿಸುವ ಲೂಪ್ ಟೆಸ್ಟರ್‌ಗಳಿವೆ. ಒಂದು ಉಪವಿಭಾಗಕ್ಕೆ ಇಂಥ ಎರಡು ಉಪಕರಣ ಕೊಡಿಸುವುದು ಕಂಪನಿಗೆ ಭಾರವೇ?

ಅಳತೆ ನಡೆಯುವುದಿಲ್ಲ, ಕಾಗದ ಮಾತ್ರ ತುಂಬುತ್ತದೆ. ಹೊಸ ಸಂಪರ್ಕಕ್ಕೆ ಗುತ್ತಿಗೆದಾರ ಸಲ್ಲಿಸುವ ವೈರಿಂಗ್ ಪೂರ್ಣಗೊಂಡ ವರದಿಗಳನ್ನು ಒಮ್ಮೆ ತೆರೆದು ಓದಿ. ಅರ್ಥಿಂಗ್ ರೋಧದ ಮುಂದೆ ಬಹುಮಟ್ಟಿಗೆ ಒಂದೇ ಅಂಕಿ: 1 ಓಮ್, ಇಲ್ಲವೇ 'ಒಂದಕ್ಕಿಂತ ಕಡಿಮೆ'. ಹೊಳೆದಂಡೆಯ ಮನೆಗೂ ಅದೇ, ಬಂಡೆಯ ಮೇಲಿನ ಮನೆಗೂ ಅದೇ. ಮೇಲೆ ಹೇಳಿದ ಮಣ್ಣುಗಳಲ್ಲಿ ಒಂದೇ ಪೈಪಿನಿಂದ ಒಂದು ಓಮ್ ಸಾಧಿಸುವುದು ಎಂಜಿನಿಯರಿಂಗ್ ಅಲ್ಲ, ಪವಾಡ. ಆ ಪವಾಡಕ್ಕೆ ನಿಮ್ಮ ಅಧಿಕಾರಿಯ ರುಜು ಬಿದ್ದು ಆರ್.ಆರ್. ನಂಬರ್ ಬರುತ್ತದೆ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ಸಂಪರ್ಕ ನಿಲ್ಲಿಸಿದಿರಿ. ಜನ ಕತ್ತಲೆಯಲ್ಲಿ ಕುಳಿತರು, ಕೂಗಾಡಿದರು, ನೀವು ಕಾನೂನನ್ನು ತೋರಿಸಿದಿರಿ. ಸರಿ. ಒಂದು ಕಾಗದಕ್ಕಾಗಿ ಅಷ್ಟು ಬಿಗಿಯಾಗಿ ನಿಲ್ಲಬಲ್ಲವರು ಒಂದು ಅಂಕಿಗಾಗಿ ಯಾಕೆ ನಿಲ್ಲುವುದಿಲ್ಲ?

ಗುಂಡಿ ನಂಬುವಂತಿಲ್ಲ, ಟರ್ಮಿನಲ್ ಬರುವುದಿಲ್ಲ. ಹೀಗಿರುವಾಗ ಕೆಲಸಗಾರರು ತಾವೇ ಒಂದು ದಾರಿ ಕಂಡುಕೊಂಡಿದ್ದಾರೆ. ಅದು ಎಲ್ಲಕ್ಕಿಂತ ಅಪಾಯದ್ದು. ಪ್ಲಗ್ಗಿನೊಳಗೆಯೇ ನ್ಯೂಟ್ರಲ್ ಮತ್ತು ಅರ್ಥಿಂಗಿಗೆ ಒಂದು ತುಂಡು ವೈರಿನ ಲೂಪ್ ಕೊಟ್ಟುಬಿಡುತ್ತಾರೆ. ಜುಮ್ಮೆನ್ನುವುದು ನಿಲ್ಲುತ್ತದೆ, ಮನೆಯವರು ಮೆಚ್ಚುತ್ತಾರೆ. ಆದರೆ ಗಾಳಿಮಳೆಗೆ ಕಂಬದ ಬಳಿ ನ್ಯೂಟ್ರಲ್ ಕಡಿದ ದಿನ, ಸ್ವಿಚ್ ಹಾಕಿದರೂ ಉರಿಯದ ಬಲ್ಬಿನ ಮೂಲಕ ಫೇಸ್ ಬಂದು ಫ್ರಿಜ್ಜು, ಮೆಷಿನ್ನು, ಇಸ್ತ್ರಿಪೆಟ್ಟಿಗೆ ಎಲ್ಲದರ ಮೈಗೂ ಏರುತ್ತದೆ. ಯಾವ ಉಪಕರಣವೂ ಕೆಟ್ಟಿರುವುದಿಲ್ಲ, ಸ್ವಿಚ್ ಹಾಕಿದ ತಪ್ಪಿಗೆ ಶಾಕ್ ಹೊಡೆಯುತ್ತದೆ. ಇದರ ತಮ್ಮನಂಥ ಇನ್ನೊಂದು ಅಭ್ಯಾಸ ಹಳ್ಳಿಗಳಲ್ಲಿದೆ: ನ್ಯೂಟ್ರಲ್ ಹೋದಾಗ ಲೈನ್‌ಮನ್ ಬರುವ ತನಕ ಗುಂಡಿಯಿಂದಲೇ 'ನ್ಯೂಟ್ರಲ್ ತೆಗೆದುಕೊಂಡು' ದೀಪ ಹಚ್ಚುವುದು. ನೀರಿನ ಪೈಪಿಗೆ ಅರ್ಥಿಂಗ್ ಕಟ್ಟುವ ಹಳೆಯ ಪದ್ಧತಿಯ ವಿಷಯ ಹೆಚ್ಚು ಹೇಳುವುದಿಲ್ಲ. ಪಿವಿಸಿ ಪೈಪು ಬಂದ ಮೇಲೆ ಅದು ತಾನಾಗಿ ಸತ್ತಿತು, ಎಷ್ಟೋ ಹಳೆಯ ಮನೆಗಳಲ್ಲಿ ವೈರು ಮಾತ್ರ ಇನ್ನೂ ಪ್ಲಾಸ್ಟಿಕ್ಕಿಗೆ ಸುತ್ತಿಕೊಂಡಿದೆ.

ಆರ್‌ಸಿಸಿಬಿ ಎಂಬ ಸಾಧನ ಇರುವಾಗ ಇಷ್ಟೆಲ್ಲ ಗೋಳು ಯಾಕೆ ಎಂದು ನಿಮ್ಮ ಎಂಜಿನಿಯರುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಮರಳದೆ 30 ಮಿಲಿಆಂಪಿಯರ್ ಬೇರೆಲ್ಲಿಯೋ ಸೋರಿದರೆ ಅದು ಕಣ್ಣು ರೆಪ್ಪೆ ಬಡಿಯುವುದರೊಳಗೆ ಇಡೀ ಮನೆಯನ್ನು ಕಡಿದುಹಾಕುತ್ತದೆ. 30 ಮಿಲಿಆಂಪಿಯರಿಗೆ ಬೀಳುವ ಸಾಧನವಿದ್ದರೆ ನೂರು ಓಮಿನ ಗುಂಡಿಯೂ ಕೆಲಸಕ್ಕೆ ಬರುತ್ತದೆ, ಉಪಕರಣದ ಮೈಯ ಮೇಲೆ ಮೂರು ವೋಲ್ಟಿಗಿಂತ ಹೆಚ್ಚು ನಿಂತಿರಲು ಅದು ಬಿಡುವುದಿಲ್ಲ. ಕಲ್ಲುನೆಲದ ಊರುಗಳಿಗೆ ಇದೇ ನಿಜವಾದ ಉತ್ತರ. ಮನೆಗಳಿಗೆ 30 ಮಿಲಿಆಂಪಿಯರ್ ಎಂದು ಕೇಂದ್ರದ ವಿನಿಯಮಗಳೂ ಹೇಳುತ್ತವೆ. ಆದರೆ ಅದೇ ವಾಕ್ಯದಲ್ಲಿ ಒಂದು ವಿನಾಯಿತಿ ಇದೆ: ಇಂತಿಷ್ಟು ಕಿಲೋವ್ಯಾಟ್‌ಗಿಂತ ಕಡಿಮೆ ಲೋಡಿನ ಸಣ್ಣ ಸಂಪರ್ಕಗಳಿಗೆ ಇದು ಕಡ್ಡಾಯವಲ್ಲ.

ಆ ಸಣ್ಣ ಸಂಪರ್ಕಗಳು ಯಾರವು? ಭಾಗ್ಯಜ್ಯೋತಿ, ಕುಟೀರಜ್ಯೋತಿಯ ಮನೆಗಳವು. ತಗಡಿನ ಶೀಟು ಹೊದಿಸಿದ, ನೆಲಕ್ಕೆ ಮಣ್ಣೋ ಸಿಮೆಂಟೋ ಬಳಿದ, ಗೋಡೆಯಿಂದ ಕಂಬಕ್ಕೆ ಕಬ್ಬಿಣದ ತಂತಿ ಕಟ್ಟಿ ಬಟ್ಟೆ ಒಣಹಾಕುವ, ಗೀಸರ್ ಇಲ್ಲದ್ದರಿಂದ ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ನೀರು ಕಾಯಿಸುವ ಮನೆಗಳು. ಲೋಡು ಕಡಿಮೆ ಎಂದ ಮಾತ್ರಕ್ಕೆ ವೋಲ್ಟೇಜ್ ಕಡಿಮೆಯಾಗುವುದಿಲ್ಲ. ಒಣ ಮೊಸಾಯಿಕ್ ನೆಲದ ಮೇಲೆ ಚಪ್ಪಲಿ ಹಾಕಿ ಓಡಾಡುವವರಿಗೆ ರಕ್ಷಣೆ ಕಡ್ಡಾಯ, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವರಿಗೆ ಐಚ್ಛಿಕ. ಇದನ್ನು ಬರೆದವರಿಗೆ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುವುದಿಲ್ಲ, ಖರ್ಚು ಉಳಿಸಲು ಬರೆದಿರಬೇಕು. ಆದರೆ ಕೇಂದ್ರ ಕೊಟ್ಟ ವಿನಾಯಿತಿಯನ್ನು ಬಳಸಿಕೊಳ್ಳಲೇಬೇಕೆಂಬ ಬಲವಂತ ರಾಜ್ಯಕ್ಕೆ ಇಲ್ಲ. 2023ರ ಜುಲೈನಿಂದ ತಿಂಗಳು ತಿಂಗಳೂ ಮನೆಮನೆಗೆ ಉಚಿತ ವಿದ್ಯುತ್ ಕೊಡುವ ಸರ್ಕಾರ, ಬಡವರ ಮನೆಗೆ ಒಂದೇ ಸಲ ಒಂದು ಆರ್‌ಸಿಸಿಬಿ ಕೊಡಿಸಿದರೆ ಬೊಕ್ಕಸ ಬರಿದಾಗುವುದಿಲ್ಲ. ಸಗಟಾಗಿ ಕೊಂಡರೆ ಅಂಗಡಿಯ ಬೆಲೆಗಿಂತ ಕಡಿಮೆಗೇ ಸಿಗುತ್ತದೆ. ದೇಶದಲ್ಲಿ ವಿದ್ಯುತ್ ಆಘಾತದಿಂದ ವರ್ಷಕ್ಕೆ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಇತ್ತೀಚಿನ ವರ್ಷಗಳ ವರದಿಗಳು ಹೇಳುತ್ತವೆ. ಅಷ್ಟೂ ಅರ್ಥಿಂಗ್ ಇಲ್ಲದ್ದರಿಂದ ಆದ ಸಾವಲ್ಲ, ಕಡಿದುಬಿದ್ದ ಲೈನುಗಳೂ ಹೊಲದ ಮೋಟಾರುಗಳೂ ಅದರಲ್ಲಿವೆ. ಆದರೆ ಮನೆಯೊಳಗಿನ ಪಾಲನ್ನು ತಡೆಯುವ ಸಾಧನ ಅಂಗಡಿಯಲ್ಲಿ ಸಿಗುತ್ತದೆ.

ಇನ್ನು ನಿಮ್ಮ ಮೀಟರಿನ ವಿಷಯ. ಇದನ್ನು ಸಾರ್ವಜನಿಕರೂ ತಿಳಿದಿರಲಿ. ಈಗ ಗೋಡೆಗೆ ನೇತುಹಾಕುವ ಎಲೆಕ್ಟ್ರಾನಿಕ್ ಮೀಟರು ಫೇಸಿನ ಕರೆಂಟನ್ನೂ ನ್ಯೂಟ್ರಲಿನ ಕರೆಂಟನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಎರಡಕ್ಕೂ ಅಂತರ ಬಂದರೆ 'ಅರ್ಥ್' ಎಂಬ ಸಣ್ಣ ದೀಪ ಹೊತ್ತುತ್ತದೆ, ಯಾವುದು ಹೆಚ್ಚೋ ಅದರ ಮೇಲೆ ಯೂನಿಟ್ ಓಡುತ್ತದೆ. ನ್ಯೂಟ್ರಲ್ ಬದಲು ನೆಲ ಬಳಸಿ ಕರೆಂಟು ಕದಿಯುವವರನ್ನು ಹಿಡಿಯಲು ಮಾಡಿದ ಏರ್ಪಾಡಿದು. ಆರ್‌ಸಿಸಿಬಿಯಷ್ಟು ಸೂಕ್ಷ್ಮವಲ್ಲ, ನಿಜ. ಆದರೆ ನಾನು ಮೇಲೆ ಲೆಕ್ಕ ಹಾಕಿದ ಗೀಸರಿನಂಥ ಸೋರಿಕೆ ಅದಕ್ಕೆ ಢಾಳಾಗಿ ಕಾಣುತ್ತದೆ. ಅಂದರೆ ಒಂದು ಮನೆಯ ಸ್ನಾನದ ಕೋಣೆಯಲ್ಲಿ ಸಾವು ಕಾದಿದೆ ಎಂಬ ಸುಳಿವು ನಿಮ್ಮದೇ ಪೆಟ್ಟಿಗೆಯಲ್ಲಿ ದಾಖಲಾಗುತ್ತಿದೆ. ಅದರ ಉಪಯೋಗ ಮಾತ್ರ ಬಿಲ್ಲು ಹೆಚ್ಚಿಸುವುದಕ್ಕೆ. ಸ್ಮಾರ್ಟ್ ಮೀಟರ್ ಬಂದ ಮೇಲಂತೂ ಆ ಸುಳಿವು ಗೋಡೆಯಲ್ಲಿಯೇ ಉಳಿಯಬೇಕಾಗಿಲ್ಲ, ನಿಮ್ಮ ಸರ್ವರಿಗೇ ಬರಬಲ್ಲದು. ಬಿಲ್ಲು ಬಾಕಿ ಎಂದು ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆಯಲ್ಲಿಯೇ 'ನಿಮ್ಮ ಮನೆಯಲ್ಲಿ ಕರೆಂಟು ಸೋರುತ್ತಿದೆ, ಮುಖ್ಯ ಸ್ವಿಚ್ ಆರಿಸಿ ಎಲೆಕ್ಟ್ರೀಷಿಯನ್ನರನ್ನು ಕರೆಸಿ' ಎಂದು ಇನ್ನೊಂದು ಸಂದೇಶ ಸೇರಿಸಲು ಯಾವ ಹೊಸ ಯಂತ್ರ ಬೇಕು?

ಎಲ್ಲ ಊರಿಗೂ ನಾಳೆಯೇ ಮೂರನೆಯ ತಂತಿ ಎಳೆಯಿರಿ ಎಂದು ಕೇಳುವಷ್ಟು ನಾನು ಅರಿಯದವನಲ್ಲ. ನ್ಯೂಟ್ರಲ್ ಮೇಲಿಂದ ಮೇಲೆ ಕಡಿಯುವ ಹಳ್ಳಿಯ ಹಳೆಯ ಲೈನಿನಲ್ಲಿ ಅವಸರದಿಂದ ನ್ಯೂಟ್ರಲಿಗೇ ಟರ್ಮಿನಲ್ ಸೇರಿಸಿ ಕೊಟ್ಟರೆ ಪ್ಲಗ್ಗಿನ ಲೂಪಿನ ಅಪಾಯವೇ ದೊಡ್ಡ ಪ್ರಮಾಣದಲ್ಲಿ ಬರುತ್ತದೆ. ಅಲ್ಲಿ ಮೊದಲು ಟ್ರಾನ್ಸ್‌ಫಾರ್ಮರ್ ಬುಡದ ಗುಂಡಿಗಳನ್ನು ಸರಿಪಡಿಸಿ, ಅವುಗಳಿಗೆ ಸೇರುವ, ಕಳುವಾದ ಲೋಹದ ಪಟ್ಟಿಗಳನ್ನು ಮತ್ತೆ ಹಾಕಿಸಿ, ಮನೆಗಳಿಗೆ ಆರ್‌ಸಿಸಿಬಿ ಕೊಡಿ. ಆದರೆ ಬೆಂಗಳೂರಿನಲ್ಲಿ ಓವರ್‌ಹೆಡ್ ತಂತಿ ತೆಗೆದು ನೆಲದಡಿ ಕೇಬಲ್ ಹಾಕಿದ್ದೀರಿ, ಬೇರೆ ಊರುಗಳಲ್ಲಿ ಹೊಸ ಬಡಾವಣೆಗಳಿಗೆ ಹೊಸದಾಗಿಯೇ ಲೈನು ಎಳೆಯುತ್ತಿದ್ದೀರಿ. ಅಲ್ಲಿ ಟರ್ಮಿನಲ್ ಕೊಡದಿರಲು ಕಾರಣವಿಲ್ಲ. ಆಯೋಗ ಸರಬರಾಜು ಷರತ್ತುಗಳನ್ನು ತಿದ್ದುವಾಗ, ಸಂಪರ್ಕ ಕೊಡುವ ದಿನ ಅಳೆದ ಅರ್ಥಿಂಗ್ ರೋಧವನ್ನು, ಅಳೆದವರ ಹೆಸರು ಮತ್ತು ಉಪಕರಣದ ಸಂಖ್ಯೆಯ ಸಮೇತ, ಆರ್.ಆರ್. ನಂಬರಿನ ಜೊತೆಗೇ ದಾಖಲಿಸಬೇಕು ಎಂದು ಒಂದು ಸಾಲು ಸೇರಿಸಲಿ. ಹೆಸರು ಹಾಕಬೇಕು ಎಂದಾದರೆ ಒಂದು ಓಮಿನ ಪವಾಡಗಳು ಬಹಳಷ್ಟು ಕಡಿಮೆಯಾಗುತ್ತವೆ.

ಈ ಪತ್ರ ಓದಿದ ಸಾರ್ವಜನಿಕರಲ್ಲಿ ಹೊಸ ಸಂಪರ್ಕಕ್ಕೆ ಅರ್ಜಿ ಹಾಕುವವರು ಇದ್ದರೆ, ಅರ್ಜಿಯ ಜೊತೆ ಅರ್ಧ ಪುಟದ ಕೋರಿಕೆ ಇಡಿ: ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ವಿನಿಯಮಗಳ ಪ್ರಕಾರ ಸಂಪರ್ಕದ ಜಾಗದಲ್ಲಿ ಅರ್ಥಿಂಗ್ ಟರ್ಮಿನಲ್ ಒದಗಿಸಬೇಕು, ಅದರ ಶುಲ್ಕ ಎಷ್ಟೆಂದು ತಿಳಿಸಬೇಕು. ಸ್ವೀಕೃತಿ ಹಾಕಿಸಿಕೊಳ್ಳಿ. ಆಗದು ಎಂದರೆ ಆ ಮಾತನ್ನು ಬರೆದು ಕೊಡಲಿ. ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಲು ಆ ಕಾಗದ ಬೇಕಾಗುತ್ತದೆ. ಉತ್ತರ ಬರುವ ತನಕ ಮನೆಯ ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ತಿಂಗಳಿಗೊಮ್ಮೆ ಅದರ ಮೇಲಿನ ಪರೀಕ್ಷೆಯ ಬಟನ್ ಒತ್ತಿ. ಅದು ಪದೇ ಪದೇ ಬೀಳುತ್ತದೆ ಎಂದು ಯಾರಾದರೂ ಅದನ್ನು ಬೈಪಾಸ್ ಮಾಡಿಕೊಡಲು ಬಂದರೆ ಅವರನ್ನು ಕಳಿಸಿ, ಸೋರಿಕೆ ಎಲ್ಲಿದೆ ಎಂದು ಹುಡುಕಿಕೊಡುವವರನ್ನು ಕರೆಸಿ.

ಇತಿ,
ಒಬ್ಬ ಪರವಾನಗಿ ಪಡೆದ ವೈರಿಂಗ್ ಮೇಲ್ವಿಚಾರಕ